ಬಾಡೂಟ ವಾರಕ್ಕೆಷ್ಟು ಸಲ?

ಸಂಜೆ ಕಾಲೇಜು ಬಿಟ್ಟ ಹೊತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕರಲ್ಲಿ ಯಾವ ಊರಿನ ಬಸ್ ನಿಲ್ದಾಣದ ಬಳಿ ನಿಂತರೂ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಹಳ್ಳಿಯ ಬಸ್ಸಿಗೆ ಕಾಯುತ್ತಿರುವ ಹುಡುಗ ಹುಡುಗಿಯರು. ಒಂದು ಬದಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಗಾಡಿ. ಇನ್ನೊಂದು ಬದಿಗೆ ಕಾದ ಎಣ್ಣೆಯಲ್ಲಿ ಕೆಂಪಗೆ ಕರಿಯುತ್ತಿರುವ ಚಿಕನ್ ಕಬಾಬ್, ಅದರ ಪಕ್ಕದಲ್ಲೇ ಸದ್ದು ಮಾಡುವ ಎಗ್‌ರೈಸ್ ಬಾಣಲೆ. ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟು, ಮಧ್ಯಾಹ್ನ ಡಬ್ಬಿಯ ಆರಿದ ಚಿತ್ರಾನ್ನ ತಿಂದು, ಸಂಜೆ ಮತ್ತೆ ಒಂದು ಗಂಟೆಯ ಪ್ರಯಾಣ ಮಾಡಬೇಕಾದ ವಿದ್ಯಾರ್ಥಿಗೆ ಹತ್ತಿರದಲ್ಲಿ ಸಿಗುವ ಬಿಸಿ ಊಟವೆಂದರೆ ಅಷ್ಟೇ.

ಹೀಗೆ ನಿಂತವರಲ್ಲಿ ಕೆಲವರು ಮಾಂಸವನ್ನು ಕಡಿಮೆ ಮಾಡಬೇಕೆಂದು ಮನಸ್ಸು ಮಾಡುವುದುಂಟು. ಒಬ್ಬರಿಗೆ ಕೈಖರ್ಚಿನ ಚಿಂತೆ, ಇನ್ನೊಬ್ಬರಿಗೆ ಕರಿದ ಎಣ್ಣೆಯ ಭಯ, ಮತ್ತೊಬ್ಬರಿಗೆ ಪ್ರಾಣಿಗಳ ಮೇಲಿನ ಕನಿಕರ, ಮಗದೊಬ್ಬರಿಗೆ ಪರಿಸರದ ಕಾಳಜಿ. ಕಾರಣ ಏನೇ ಇರಲಿ, ಮನಸ್ಸು ಮಾಡಿದ ಮಾರನೆಯ ದಿನವೇ ಎರಡು ಕಡೆಯಿಂದ ಮಾತು ಕೇಳಬೇಕಾಗುತ್ತದೆ. ‘ಇದೆಲ್ಲ ಪೇಟೆಯವರ ಹೊಸ ಷೋಕಿ’ ಎಂಬುದು ಒಂದು ಮಾತು. ‘ನಮ್ಮ ಜನ ತಿನ್ನುವುದನ್ನು ಬಿಟ್ಟು ಯಾರಂತೆ ಆಗಲು ಹೊರಟಿದ್ದೀಯ?’ ಎಂಬುದು ಇನ್ನೊಂದು.

ಎರಡನೆಯ ಮಾತಿನಲ್ಲಿರುವ ನೋವನ್ನು ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಮಾಂಸ ಎಂಬುದು ಕೇವಲ ಆಹಾರವಲ್ಲ, ಜಾತಿಯ ಗುರುತೂ ಹೌದು. ಆದರೆ ಈ ಸೀಮೆಯ ಊಟದ ಚರಿತ್ರೆಯನ್ನು ನೋಡಿದರೆ ಮೊದಲನೆಯ ಮಾತು ನಿಲ್ಲುವುದಿಲ್ಲ. ಮಾಂಸ ತಿನ್ನುವ ಮನೆಗಳಲ್ಲೇ ಅದನ್ನು ಅಳತೆಯಲ್ಲಿ ಇಟ್ಟುಕೊಂಡ ಪರಿಪಾಠ ಇಲ್ಲಿ ತಲೆಮಾರುಗಳಿಂದ ಇತ್ತು. ಅದು ಸಡಿಲವಾದದ್ದು ಇತ್ತೀಚೆಗೆ.

ದಾಖಲೆಗಳು ಕೇಳಿದ ಪ್ರಶ್ನೆ

ಕನ್ನಡ ನಾಡಿನ ಊಟದ ಬಗ್ಗೆ ಹಳೆಯ ಬರಹಗಳಿಗೆ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಮಾಂಸದ ಅಡುಗೆಗಳು, ಮೀನಿನ ಅಡುಗೆಗಳು ವಿವರವಾಗಿ ಬರುತ್ತವೆ. 16ನೇ ಶತಮಾನದ ಆರಂಭದಲ್ಲಿದ್ದ ಜೈನ ಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಸಸ್ಯಾಹಾರದ ಅಡುಗೆ ಮಾತ್ರ ಇದೆ. ಒಂದೇ ನಾಡಿನಲ್ಲಿ ಎರಡು ಬಗೆಯ ಅಡುಗೆಮನೆಗಳು ಅಂದಿನಿಂದಲೂ ಇದ್ದವೆಂಬುದಕ್ಕೆ ಈ ಎರಡು ಗ್ರಂಥಗಳೇ ಸಾಕ್ಷಿ.

ಟಿಪ್ಪು ಸುಲ್ತಾನನ ಪತನದ ನಂತರ 1800–01ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ದಾವಣಗೆರೆ, ಹರಿಹರಗಳನ್ನೂ ಹಾದುಹೋದ. ಆತ ಊರೂರಿನಲ್ಲಿ ಪ್ರತಿ ಸಮುದಾಯದ ಕಸುಬು, ಮದುವೆ, ದೇವರುಗಳ ಬಗ್ಗೆ ವಿಚಾರಿಸುತ್ತಿದ್ದ. ಮಾಂಸ ತಿನ್ನುತ್ತಾರೆಯೇ ಇಲ್ಲವೇ ಎಂಬುದನ್ನೂ ಬರೆದುಕೊಳ್ಳುತ್ತಿದ್ದ. ಮುಂದೆ ಬ್ರಿಟಿಷರ ಕಾಲದಲ್ಲಿ ಜಾತಿಗಳ ಬಗ್ಗೆ ಬಂದ ದೊಡ್ಡ ದೊಡ್ಡ ಸಂಪುಟಗಳೂ ಇದೇ ಜಾಡು ಹಿಡಿದವು. ಇಂಥ ಜಾತಿಯವರು ಮಾಂಸಾಹಾರಿಗಳು, ಇಂಥವರು ಸಸ್ಯಾಹಾರಿಗಳು ಎಂದು ಗೆರೆ ಎಳೆದು ಮುಗಿಸಿದವು.

ಈ ಗೆರೆ ಇಂದಿಗೂ ಅಳಿಸಿಲ್ಲ. ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯಡಿ 2014ರಲ್ಲಿ ನಡೆದ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಸುಮಾರು ಶೇ. 79 ಮಂದಿ ಮಾಂಸಾಹಾರಿಗಳು, ಶೇ. 21 ಮಂದಿ ಸಸ್ಯಾಹಾರಿಗಳು. ಅಂಕಿಅಂಶ ಸರಿಯಾದದ್ದೇ. ಆದರೆ ವರ್ಷಕ್ಕೆ ನಾಲ್ಕು ಹಬ್ಬದಲ್ಲಿ ಬಾಡೂಟ ಮಾಡುವ ಅಜ್ಜಿಯೂ, ವಾರಕ್ಕೆ ನಾಲ್ಕು ಸಂಜೆ ಕಬಾಬ್ ತಿನ್ನುವ ಮೊಮ್ಮಗನೂ ಈ ಶೇ. 79ರಲ್ಲೇ ಸೇರುತ್ತಾರೆ. ‘ಯಾರು ತಿನ್ನುತ್ತಾರೆ’ ಎಂದು ಕೇಳಿದವರು ‘ಎಷ್ಟು ಸಲ ತಿನ್ನುತ್ತಾರೆ’ ಎಂದು ಕೇಳಿದ್ದು ಕಡಿಮೆ. ಮಾಂಸ ಕಡಿಮೆ ಮಾಡಲು ಹೊರಟ ವಿದ್ಯಾರ್ಥಿಗೆ ಬೇಕಾಗಿರುವುದು ಈ ಎರಡನೆಯ ಪ್ರಶ್ನೆಯ ಉತ್ತರ.

ಪಂಚಾಂಗದ ಅಡುಗೆಮನೆ

ಆ ಉತ್ತರ ಗ್ರಂಥಗಳಲ್ಲಿ ಸಿಗದಿದ್ದರೂ ಮನೆಯ ಹಿರಿಯರ ನೆನಪಿನಲ್ಲಿ ಸಿಗುತ್ತದೆ. ಈ ನಾಲ್ಕೂ ತಾಲ್ಲೂಕುಗಳ ಮಾಂಸಾಹಾರಿ ಮನೆಗಳಲ್ಲಿ ಬಾಡೂಟಕ್ಕೆ ಪಂಚಾಂಗವೇ ಲಗಾಮು. ಸೋಮವಾರ ಶಿವನ ವಾರ, ಶನಿವಾರ ಹನುಮಪ್ಪನ ವಾರ ಅಥವಾ ತಿಮ್ಮಪ್ಪನ ವಾರ. ಇವುಗಳ ಜೊತೆಗೆ ಮನೆದೇವರ ವಾರ. ಹೀಗೆ ವಾರದಲ್ಲಿ ಎರಡು ಮೂರು ದಿನ ತಾನಾಗಿಯೇ ಕಳೆದುಹೋಗುತ್ತಿತ್ತು. ಶ್ರಾವಣ ಬಂದರೆ ಅನೇಕ ಮನೆಗಳಲ್ಲಿ ತಿಂಗಳು ಪೂರ್ತಿ ಮಾಂಸದ ಗಡಿಗೆ ಅಟ್ಟ ಸೇರುತ್ತಿತ್ತು. ಮಾಂಸದ ಅಡುಗೆಗೇ ಬೇರೆ ಪಾತ್ರೆ, ಬೇರೆ ಒಲೆ ಇಟ್ಟುಕೊಂಡ ಮನೆಗಳೂ ಇದ್ದವು.

ಉಳಿದ ದಿನಗಳಲ್ಲಿ ಬೇಕೆಂದಾಗ ತಿನ್ನಲು ಕೈಯಲ್ಲಿ ಹಣವೂ ಇರಲಿಲ್ಲ, ಊರಿನಲ್ಲಿ ಅಂಗಡಿಯೂ ಇರಲಿಲ್ಲ. ಯುಗಾದಿಯ ಮರುದಿನದ ಹೊಸತೊಡಕು, ಮಾರಿಹಬ್ಬ, ಮಹಾಲಯದ ಹಿರಿಯರ ಪೂಜೆ ಮತ್ತು ಮನೆಗೆ ನೆಂಟರು ಬಂದ ದಿನ, ಮಾಂಸಕ್ಕೆ ಸಂದರ್ಭಗಳೆಂದರೆ ಇವೇ. ಹಬ್ಬಕ್ಕೆ ಕುರಿ ಕಡಿದರೆ ಹತ್ತು ಮನೆಯವರು ಸೇರಿ ಗುಡ್ಡೆ ಹಾಕಿ ಪಾಲು ಹಂಚಿಕೊಳ್ಳುತ್ತಿದ್ದರು. ಒಂದು ಮನೆಗೆ ಬಂದ ಪಾಲು ಅಂದೇ ಮುಗಿಯುತ್ತಿತ್ತು. ಸೂಳೆಕೆರೆಯ ಅಂಚಿನ ಊರುಗಳಲ್ಲಿ, ಹೊನ್ನಾಳಿಯ ತುಂಗಭದ್ರೆಯ ದಡದಲ್ಲಿ ಮೀನು ಸಿಗುತ್ತಿದ್ದುದರಿಂದ ಅಲ್ಲಿನವರ ಲೆಕ್ಕ ಸ್ವಲ್ಪ ಬೇರೆ. ಪಟ್ಟಣದ ಮುಸ್ಲಿಮರ ಮನೆಗಳಲ್ಲಿ ಮಾಂಸದ ಬಳಕೆ ಹೆಚ್ಚಿದ್ದರೂ ಅಲ್ಲಿಯೂ ಬಡವರ ನಿತ್ಯದ ಊಟ ಬೇಳೆ, ಸೊಪ್ಪನ್ನೇ ನೆಚ್ಚಿಕೊಂಡಿತ್ತು.

ಅಮೆರಿಕದಲ್ಲಿ 2003ರಲ್ಲಿ ‘ಮಾಂಸವಿಲ್ಲದ ಸೋಮವಾರ’ ಎಂಬ ಆರೋಗ್ಯ ಚಳವಳಿ ಆರಂಭವಾಗಿ ಹಲವು ದೇಶಗಳಿಗೆ ಹಬ್ಬಿತು. ಅಲ್ಲಿ ಒಬ್ಬರ ಪಾಲಿಗೆ ವರ್ಷಕ್ಕೆ ನೂರು ಕಿಲೋಗೂ ಮೀರಿ ಮಾಂಸ ಬರುತ್ತದೆ. ಭಾರತದಲ್ಲಿ 2022–23ರ ಉತ್ಪಾದನೆಯನ್ನು ಜನಸಂಖ್ಯೆಗೆ ಹಂಚಿದರೆ ಬರುವುದು ಸುಮಾರು 7 ಕಿಲೋ. ಜಗಳೂರಿನ ಹಳ್ಳಿಯ ಮನೆಯೊಂದಕ್ಕೆ ಮಾಂಸವಿಲ್ಲದ ಸೋಮವಾರ ಎಂಬುದು ಹೊಸ ವಿಚಾರವೇ ಅಲ್ಲ. ಹೊಸತೇನಾದರೂ ಇದ್ದರೆ ಅದು ಮಾಂಸವಿರುವ ಮಂಗಳವಾರ, ಬುಧವಾರ, ಗುರುವಾರಗಳು.

ವ್ರತದ ಮಾಲೆಯೂ ಇದೇ ಪದ್ಧತಿಯ ಇನ್ನೊಂದು ರೂಪ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಬಂಜಾರರು ತಮ್ಮ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುತ್ತಾರೆ. ಸೇವಾಲಾಲರು 1739ರ ಫೆಬ್ರುವರಿ 15ರಂದು ಜನಿಸಿದರೆಂಬುದು ಸಮುದಾಯದ ಪರಂಪರೆ. ಪ್ರತಿವರ್ಷ ಜಯಂತಿಯ ಹೊತ್ತಿಗೆ ನಾಡಿನ ನಾನಾ ಕಡೆಗಳ ತಾಂಡಾಗಳಿಂದ ಮಾಲೆ ಧರಿಸಿ, ಮದ್ಯ ಮಾಂಸ ಬಿಟ್ಟು, ಕಾಲ್ನಡಿಗೆಯಲ್ಲಿ ಇಲ್ಲಿಗೆ ಬರುವವರಲ್ಲಿ ಯುವಕರು ಬಹಳ. ಶಬರಿಮಲೆಯ ಮಾಲೆ ಹಾಕುವ ಕಾಲೇಜು ಹುಡುಗರೂ ಕಡಿಮೆಯಿಲ್ಲ. ವ್ರತ ಮುಗಿದ ಮೇಲೆ ಅವರು ಮತ್ತೆ ಬಾಡೂಟಕ್ಕೆ ಮರಳುತ್ತಾರೆ. ಅದನ್ನು ಯಾರೂ ಸೋಲೆಂದು ಎಣಿಸುವುದಿಲ್ಲ. ಕೆಲವು ದಿನ ಬಿಟ್ಟಿರುವುದು, ಮತ್ತೆ ತಿನ್ನುವುದು ಎರಡೂ ಈ ಸೀಮೆಯ ಬಾಳಿನ ಒಳಗೇ ಇವೆ.

ಹೊಲ ಬದಲಾಯಿತು, ತಟ್ಟೆ ಬದಲಾಯಿತು

ಹಾಗಾದರೆ ಲಗಾಮು ಸಡಿಲವಾದದ್ದು ಹೇಗೆ? ಉತ್ತರವನ್ನು ಹೊಲದಲ್ಲಿ ಹುಡುಕಬೇಕು.

ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟು 1965ರಲ್ಲಿ ಪೂರ್ಣಗೊಂಡಿತು. ಅದರ ಕಾಲುವೆಗಳು ಚನ್ನಗಿರಿ, ಹೊನ್ನಾಳಿ ಕಡೆಯ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿದವು. ರಾಗಿ, ಜೋಳದ ಜಾಗಕ್ಕೆ ಭತ್ತ ಬಂತು. ಮುಂದೆ ಚನ್ನಗಿರಿಯ ಸುತ್ತ ಅಡಿಕೆ ತೋಟ ಹಬ್ಬಿತು. ಮಳೆಯನ್ನೇ ನಂಬಿದ ಜಗಳೂರಿನ ಕೆಂಪು, ಕಪ್ಪು ಹೊಲಗಳಲ್ಲಿ ಜೋಳ, ನವಣೆ, ಶೇಂಗಾ, ತೊಗರಿಯ ನಡುವೆ ಮೆಕ್ಕೆಜೋಳ ಕಾಲಿಟ್ಟು ಕೊನೆಗೆ ಬಹುಪಾಲು ನೆಲವನ್ನು ತನ್ನದಾಗಿಸಿಕೊಂಡಿತು. 1997ರ ಆಗಸ್ಟ್ 15ರಂದು ಚಿತ್ರದುರ್ಗ ಜಿಲ್ಲೆಯಿಂದ ಜಗಳೂರನ್ನೂ ಶಿವಮೊಗ್ಗ ಜಿಲ್ಲೆಯಿಂದ ಚನ್ನಗಿರಿ, ಹೊನ್ನಾಳಿಗಳನ್ನೂ ಸೇರಿಸಿ ದಾವಣಗೆರೆ ಜಿಲ್ಲೆ ರಚನೆಯಾಯಿತು. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ 2018ರಲ್ಲಿ ತಾಲ್ಲೂಕಾಯಿತು. ಈ ಹೊತ್ತಿಗೆ ದಾವಣಗೆರೆ ಮೆಕ್ಕೆಜೋಳದ ಜಿಲ್ಲೆ ಎಂದೇ ಹೆಸರಾಗಿತ್ತು.

ಇಷ್ಟೊಂದು ಮೆಕ್ಕೆಜೋಳವನ್ನು ತಿನ್ನುವವರು ಯಾರು? ಮನುಷ್ಯರು ತಿನ್ನುವುದು ಕೊಂಚವೇ. ದೊಡ್ಡ ಪಾಲು ಹೋಗುವುದು ಕೋಳಿಯ ಆಹಾರಕ್ಕೆ. ಫಾರಂ ಕೋಳಿಯ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೆಕ್ಕೆಜೋಳದ್ದೇ. ಹಿತ್ತಲಿನ ನಾಟಿಕೋಳಿ ಅಡುಗೆಗೆ ಬರಲು ತಿಂಗಳುಗಟ್ಟಲೆ ಬೇಕು. ಬ್ರಾಯ್ಲರ್ ಕೋಳಿ ಸುಮಾರು ಆರು ವಾರಗಳಲ್ಲಿ ಎರಡು ಕಿಲೋ ದಾಟುತ್ತದೆ. 2012ರಿಂದ 2019ರ ನಡುವೆ ದೇಶದ ಕೋಳಿಗಳ ಸಂಖ್ಯೆ ಶೇ. 16.8ರಷ್ಟು ಏರಿ 85 ಕೋಟಿ ದಾಟಿತೆಂದು 20ನೇ ಜಾನುವಾರು ಗಣತಿ ಹೇಳುತ್ತದೆ. ಹಬ್ಬದ ಕುರಿಯ ಜಾಗದಲ್ಲಿ ದಿನನಿತ್ಯದ ಕೋಳಿ ಬಂದು ಕುಳಿತಿತು. ಕಾಲು ಕಿಲೋ ಬೇಕೆಂದರೂ ತೂಗಿ ಕೊಡುವ ಅಂಗಡಿ ಹೋಬಳಿ ಕೇಂದ್ರಗಳಿಗೂ ಬಂತು. ಜಗಳೂರಿನ ರೈತ ಬೆಳೆದ ಮೆಕ್ಕೆಜೋಳ ಎಲ್ಲೆಲ್ಲೋ ಸುತ್ತಿ, ಕೋಳಿಯಾಗಿ, ಕಬಾಬಾಗಿ ಜಗಳೂರಿನ ಬಸ್ ನಿಲ್ದಾಣಕ್ಕೇ ಮರಳಬಹುದು.

ಇದರಿಂದ ಒಳಿತಾಗಲಿಲ್ಲವೆಂದಲ್ಲ. ತಲೆಮಾರುಗಳಿಂದ ಬಡವರ ತಟ್ಟೆಗೆ ಅಪರೂಪವಾಗಿದ್ದ ಪೌಷ್ಟಿಕ ಆಹಾರ ಕೈಗೆಟುಕುವ ಬೆಲೆಗೆ ಸಿಕ್ಕಿತು. ಆದರೆ ಇದೇ ಹೊತ್ತಿಗೆ ಇನ್ನೊಂದು ಪದಾರ್ಥ ಸದ್ದಿಲ್ಲದೆ ಕಣ್ಮರೆಯಾಗುತ್ತಿತ್ತು. ರಾಗಿ ಅಥವಾ ಜೋಳದ ಹೊಲದಲ್ಲಿ ಒಕ್ಕಲಿಗರು ಕೆಲವು ಸಾಲುಗಳನ್ನು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬಿತ್ತುತ್ತಿದ್ದರು. ಅದಕ್ಕೆ ಅಕ್ಕಡಿ ಸಾಲು ಎಂದು ಹೆಸರು. ಮುಖ್ಯ ಬೆಳೆ ಕೈಕೊಟ್ಟರೂ ಅಕ್ಕಡಿ ಕಾಪಾಡುತ್ತದೆಂಬ ನಂಬಿಕೆ ಅವರದು. ಮನೆಯ ವರ್ಷದ ಬೇಳೆಕಾಳು ಬರುತ್ತಿದ್ದುದೂ ಇದರಿಂದಲೇ. ಭತ್ತದ ಗದ್ದೆಯಲ್ಲಿ, ಅಡಿಕೆ ತೋಟದಲ್ಲಿ, ಒಂದೇ ಬೆಳೆಯ ಮೆಕ್ಕೆಜೋಳದ ಹೊಲದಲ್ಲಿ ಅಕ್ಕಡಿ ಸಾಲಿಗೆ ಎಡೆ ಉಳಿಯಲಿಲ್ಲ. ಹೊಲದಿಂದ ಹೋದ ಕಾಳು ಕ್ರಮೇಣ ತಟ್ಟೆಯಿಂದಲೂ ಹೋಯಿತು. ಅಜ್ಜಿಯ ಕಾಲದಲ್ಲಿ ಮಾಂಸ ಕಡಿಮೆ, ಕಾಳು ಹೆಚ್ಚು. ಮೊಮ್ಮಗನ ಕಾಲದಲ್ಲಿ ಮಾಂಸ ಹೆಚ್ಚು, ಕಾಳು ಕಡಿಮೆ.

ವಾರಾನ್ನದಿಂದ ವಿದ್ಯಾರ್ಥಿನಿಲಯಕ್ಕೆ

ಮನೆಯ ಊಟದ ಕಥೆ ಹೀಗಾದರೆ ಮನೆ ಬಿಟ್ಟು ಓದಲು ಹೊರಟವರ ಕಥೆ ಬೇರೆ. ವಿದ್ಯಾರ್ಥಿಯ ತಟ್ಟೆಯನ್ನು ಬಹುಕಾಲ ನಿರ್ಧರಿಸಿದ್ದು ವಿದ್ಯಾರ್ಥಿಯಲ್ಲ, ಅನ್ನ ಹಾಕುವವರು.

ಹಿಂದೆ ಪೇಟೆಗೆ ಓದಲು ಬಂದ ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಆಸರೆಯಿತ್ತು. ವಾರದ ಏಳು ದಿನ ಏಳು ಮನೆ. ಉಳಿದ ಜಾತಿಗಳ ಹುಡುಗರಿಗೆ ಆ ಬಾಗಿಲು ತೆರೆದಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಹುಟ್ಟಿದ ಸಮುದಾಯ ಸಂಘಗಳು ವಿದ್ಯಾರ್ಥಿನಿಲಯಗಳನ್ನು ತಮ್ಮ ಮೊದಲ ಕೆಲಸಗಳಲ್ಲಿ ಒಂದಾಗಿ ಕೈಗೆತ್ತಿಕೊಂಡದ್ದು ಇದೇ ಕಾರಣಕ್ಕೆ. ಒಕ್ಕಲಿಗರ ಸಂಘ 1906ರಲ್ಲಿ ಸ್ಥಾಪನೆಯಾಯಿತು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಕೆಲಸಕ್ಕೆ ಓದು ಬೇಕು, ಓದಿಗೆ ಊರು ಬಿಡಬೇಕು, ಊರು ಬಿಟ್ಟರೆ ಅನ್ನ ಬೇಕು. ಹಾಗಾಗಿ ಅನ್ನದ ಪ್ರಶ್ನೆಯೇ ಓದಿನ ಪ್ರಶ್ನೆಯೂ ಆಗಿತ್ತು.

ಈ ಸೀಮೆಯಲ್ಲಿ ಆ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಮಠಗಳು. ಸಿರಿಗೆರೆಯ ತರಳಬಾಳು ಪೀಠಕ್ಕೆ 1940ರಲ್ಲಿ ಬಂದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ (1914–1992) ಹಳ್ಳಿಹಳ್ಳಿಗಳಲ್ಲಿ ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ತೆರೆದರು. ಅವರು ರೂಪಿಸಿದ ತರಳಬಾಳು ಹುಣ್ಣಿಮೆ ಮಹೋತ್ಸವ ಮೊದಲು ನಡೆದದ್ದು 1950ರಲ್ಲಿ, ಜಗಳೂರಿನಲ್ಲಿ. ಹೊನ್ನಾಳಿಯ ಹಿರೇಕಲ್ಮಠವೂ ವಿದ್ಯಾಸಂಸ್ಥೆಗಳನ್ನು ಕಟ್ಟಿತು. ಮಠದ ಪ್ರಸಾದನಿಲಯಗಳಲ್ಲಿ ಮಾಂಸಕ್ಕೆ ಎಡೆಯಿಲ್ಲ. 12ನೇ ಶತಮಾನದ ಶರಣರ ದಯೆಯ ವಿಚಾರ ಅದರ ಹಿಂದಿದೆ. ಅಲ್ಲಿಗೆ ಸೇರಿದ ಮಾಂಸಾಹಾರಿ ಮನೆಗಳ ಹುಡುಗರು ಹತ್ತು ತಿಂಗಳು ಮುದ್ದೆ, ಅನ್ನ, ಸಾರಿನಲ್ಲಿ ಕಳೆದು ರಜೆಗೆ ಊರಿಗೆ ಹೋದಾಗ ಬಾಡೂಟ ಮಾಡುತ್ತಿದ್ದರು. ಓದಿನ ಬೆಲೆಯಾಗಿ ಅದನ್ನು ಒಪ್ಪಿಕೊಂಡವರೇ ಹೆಚ್ಚು. ಕೆಲವರಿಗೆ ಅದು ಜೀವನದ ರೂಢಿಯಾಯಿತು, ಕೆಲವರಿಗೆ ಓದು ಮುಗಿದ ದಿನ ಅದೂ ಮುಗಿಯಿತು.

1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರ ಹಿಂದುಳಿದ ವರ್ಗಗಳಿಗೆ ಆದ್ಯತೆ ಕೊಟ್ಟಿತು. ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಸಲ್ಲಿಸಿತು. ಆ ಬಳಿಕ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ವಿದ್ಯಾರ್ಥಿನಿಲಯಗಳು ಹೆಚ್ಚಿದವು. ಅಲ್ಲಿನ ಊಟದ ಪಟ್ಟಿಯಲ್ಲಿ ಮೊಟ್ಟೆಗೆ, ಕೋಳಿಗೆ ಜಾಗ ಸಿಕ್ಕಿತು. ಮನೆಯಲ್ಲಿ ತಿನ್ನುವುದನ್ನು ಮುಚ್ಚುಮರೆಯಿಲ್ಲದೆ ಎಲ್ಲರ ಜೊತೆ ಕುಳಿತು ತಿನ್ನಬಹುದು ಎಂಬುದು ದಲಿತ, ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಸಣ್ಣ ಸಂಗತಿಯೇನೂ ಆಗಿರಲಿಲ್ಲ.

ತಟ್ಟೆಯ ಮೇಲಿನ ಹಕ್ಕು ಯಾರದೆಂಬ ಪ್ರಶ್ನೆ ಇತ್ತೀಚೆಗೆ ಮತ್ತೆ ಮೇಲೆದ್ದದ್ದು ಮೊಟ್ಟೆಯ ವಿಚಾರದಲ್ಲಿ. ಅಪೌಷ್ಟಿಕತೆ ಹೆಚ್ಚಿದ್ದ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳೇ ಎದ್ದುನಿಂತು ಮೊಟ್ಟೆ ಬೇಕೆಂದು ಕೇಳಿದ್ದೂ ಸುದ್ದಿಯಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ಏರ್ಪಾಡಿನೊಂದಿಗೆ ಯೋಜನೆ 2022ರಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿತು. ಈ ಊಟ 10ನೇ ತರಗತಿಗೆ ನಿಲ್ಲುತ್ತದೆ. ಕಾಲೇಜು ಮೆಟ್ಟಿಲು ಹತ್ತಿದವರ ಮಧ್ಯಾಹ್ನದ ಊಟ ಅವರವರ ಪಾಡು.

ಮೊಟ್ಟೆಯ ಜಗಳದಿಂದ ಒಂದು ಪಾಠವಂತೂ ಸ್ಪಷ್ಟ. ಒಬ್ಬರು ತಾವಾಗಿ ಬಿಡುವುದು ಬೇರೆ, ಇನ್ನೊಬ್ಬರ ತಟ್ಟೆಯಿಂದ ತೆಗೆಸುವುದು ಬೇರೆ. ಮೊದಲನೆಯದು ಸಂಯಮ, ಎರಡನೆಯದು ಅಧಿಕಾರ.

ಲಂಡನ್ನಿನ ಒಬ್ಬ ವಿದ್ಯಾರ್ಥಿ

ತಾನಾಗಿ ಆರಿಸಿಕೊಳ್ಳುವುದು ಎಂದರೇನೆಂದು ತಿಳಿಯಲು ಜಗತ್ತಿಗೆಲ್ಲ ಗೊತ್ತಿರುವ ಒಬ್ಬ ವಿದ್ಯಾರ್ಥಿಯ ಉದಾಹರಣೆ ನೋಡಬಹುದು. ಮೋಹನದಾಸ ಗಾಂಧಿ ರಾಜಕೋಟೆಯಲ್ಲಿ ಓದುವಾಗ ಗೆಳೆಯನ ಮಾತಿಗೆ ಕಟ್ಟುಬಿದ್ದು ಕದ್ದುಮುಚ್ಚಿ ಮಾಂಸ ತಿಂದಿದ್ದರು. 1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೊರಟಾಗ ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟರು. ಅಲ್ಲಿ ಉಪ್ಪುಕಾರವಿಲ್ಲದೆ ಬೇಯಿಸಿದ ತರಕಾರಿ, ಬ್ರೆಡ್ಡು ತಿಂದು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಕಳೆದರು. ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲ್ ಕಣ್ಣಿಗೆ ಬಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅಂದೇ ಮೊದಲು. ಅಲ್ಲಿಯೇ ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರದ ಪುಸ್ತಕವನ್ನೂ ಕೊಂಡರು. ಅದನ್ನು ಓದಿದ ಮೇಲೆ ತಾಯಿಗೆ ಕೊಟ್ಟ ಮಾತು ತಮ್ಮದೇ ಆಯ್ಕೆಯಾಯಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು ಮೂರು ಸಂಗತಿ. ಮಾತು ಕೊಟ್ಟದ್ದರಿಂದ ಹೊಟ್ಟೆ ತುಂಬಲಿಲ್ಲ. ತಕ್ಕ ಊಟ ಸಿಕ್ಕಿದ ಮೇಲಷ್ಟೇ ನಿರ್ಧಾರ ಗಟ್ಟಿಯಾಯಿತು. ಮುಂದೆ ಖರ್ಚು ಇಳಿಸಲು ಅವರು ಕೋಣೆಯಲ್ಲೇ ಒಲೆ ಇಟ್ಟುಕೊಂಡು ಬೆಳಿಗ್ಗೆ ಓಟ್ಸ್ ಗಂಜಿ, ಕೋಕೋ ಕಾಯಿಸಿಕೊಂಡರು. ಇಚ್ಛೆ, ತಿಳಿವಳಿಕೆ, ಒಲೆ ಮೂರೂ ಕೂಡಿದಾಗ ಮಾತ್ರ ಕೆಲಸವಾಯಿತು. ಬಿಡುವಿಲ್ಲದ ವಿದ್ಯಾರ್ಥಿಗೆ ಇಂದಿಗೂ ಅಡ್ಡಬರುವುದು ಸಾಮಾನ್ಯವಾಗಿ ಮೂರನೆಯದೇ.

ಬಿಟ್ಟ ಜಾಗಕ್ಕೆ ಏನು?

ಮಾಂಸ ಕಡಿಮೆ ಮಾಡಿದ ಅನೇಕರು ಎರಡು ತಿಂಗಳಲ್ಲಿ ಸುಸ್ತೆಂದು ಕೈಬಿಡುತ್ತಾರೆ. ತಟ್ಟೆಯಿಂದ ತೆಗೆದದ್ದು ಕೋಳಿ, ಹಾಕಿದ್ದು ಇನ್ನೊಂದು ಸೌಟು ಅನ್ನ ಎಂದಾದರೆ ಸುಸ್ತು ಬಾರದೆ ಇರುವುದಿಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಉತ್ತಮ ಗುಣಮಟ್ಟದ ಪ್ರೋಟೀನ್ ಬೇಕು. ಊಟ ಹೆಚ್ಚಾಗಿ ಅಕ್ಕಿ, ರಾಗಿಯದ್ದೇ ಆದರೆ 1 ಗ್ರಾಂ ಬೇಕು. 55 ಕಿಲೋ ತೂಕದ ವಿದ್ಯಾರ್ಥಿಗೆ ಇದು ದಿನಕ್ಕೆ 46ರಿಂದ 55 ಗ್ರಾಂ. ಇಡೀ ದಿನಕ್ಕೆ 300 ಗ್ರಾಂ ಅಕ್ಕಿ, ರಾಗಿಯಿಂದ ಸಿಗುವುದು ಸುಮಾರು 22 ಗ್ರಾಂ. ತೆಳ್ಳನೆಯ ಸಾರಿನಲ್ಲಿ ಒಬ್ಬರ ಪಾಲಿಗೆ ಬರುವ 15 ಗ್ರಾಂ ಬೇಳೆಯಿಂದ 3 ಗ್ರಾಂ, ಒಂದೆರಡು ಟೀಯಲ್ಲಿನ ಹಾಲಿನಿಂದ ಇನ್ನೊಂದು 3 ಗ್ರಾಂ. ಒಟ್ಟು 30 ಗ್ರಾಂ ಕೂಡ ದಾಟುವುದಿಲ್ಲ. ಬೇಕಾದದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಅದೇ 300 ಗ್ರಾಂ ಧಾನ್ಯದ ಜೊತೆಗೆ 60 ಗ್ರಾಂ ಕಾಳು ಅಥವಾ ಬೇಳೆ, ಒಂದು ಹಿಡಿ ಅಂದರೆ 30 ಗ್ರಾಂ ಶೇಂಗಾ, ದೊಡ್ಡ ಲೋಟದಷ್ಟು ಹಾಲು ಅಥವಾ ಮೊಸರು ಸೇರಿದರೆ ಲೆಕ್ಕ 50 ಗ್ರಾಂ ಮುಟ್ಟುತ್ತದೆ. ಹುರಳಿ, ತೊಗರಿಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ ಸುಮಾರು 6 ಗ್ರಾಂ ಸಿಗುತ್ತದೆ. ಇದರಲ್ಲಿ ಯಾವುದೂ ಪರದೇಶದ ಸಾಮಾನಲ್ಲ. ಹುರಳಿಕಟ್ಟಿನ ಸಾರು, ಮೊಳಕೆ ಕಟ್ಟಿದ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇವೆಲ್ಲ ಈ ನಾಲ್ಕೂ ತಾಲ್ಲೂಕುಗಳ ಅಜ್ಜಿಯರಿಗೆ ಗೊತ್ತಿದ್ದ ಅಡುಗೆಗಳೇ. ಮೆಣಸಿನಕಾಯಿ ಜೊತೆಗಿನ ಮಂಡಕ್ಕಿಗೆ ಒಂದು ಹಿಡಿ ಹುರಿಗಡಲೆ, ಶೇಂಗಾ ಹಾಕಿಸಿಕೊಂಡರೂ ಸಂಜೆಯ ತಿಂಡಿಯ ಬಲ ಬದಲಾಗುತ್ತದೆ.

ಎಚ್ಚರಿಕೆ ಬೇಕಾದದ್ದು ಎರಡು ಕಡೆ. ಒಂದು, ರಕ್ತಹೀನತೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಕಂಡುಬಂತು. ಮಾಂಸದ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಸೇರುತ್ತದೆ, ಸೊಪ್ಪು ಕಾಳಿನದ್ದು ಅಷ್ಟು ಸುಲಭವಾಗಿ ಸೇರುವುದಿಲ್ಲ. ಊಟದಲ್ಲಿ ನಿಂಬೆಹುಳಿ ಇದ್ದರೆ ಸಹಾಯ, ಊಟವಾದ ಕೂಡಲೇ ಕುಡಿಯುವ ಟೀ ಅಡ್ಡಿ. ಎರಡು, ಬಿ12 ಜೀವಸತ್ವ. ಇದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಸಿಗುತ್ತದೆ, ಕಾಳುಗಳಲ್ಲಿ ಇಲ್ಲ. ಆದ್ದರಿಂದ ಮಾಂಸ ಬಿಡುವವರು ಹಾಲು, ಮೊಸರು ಅಥವಾ ಮೊಟ್ಟೆಯನ್ನು ಜೊತೆಗೇ ಬಿಡುವುದು ಕ್ಷೇಮವಲ್ಲ. ಈಗಾಗಲೇ ಅರೆಹೊಟ್ಟೆಯಲ್ಲಿರುವ, ನಿತ್ರಾಣಗೊಂಡ ವಿದ್ಯಾರ್ಥಿನಿಗೆ ಮಾಂಸ ಬಿಡು ಎಂದು ಉಪದೇಶ ಮಾಡುವುದಕ್ಕಿಂತ ಮೊದಲು ಅವಳ ತಟ್ಟೆಯಲ್ಲಿ ಕಾಳು, ಹಾಲು ಇದೆಯೇ ಎಂದು ಕೇಳಬೇಕು.

ಅಕ್ಕಡಿ ಸಾಲು

ಬಿಡುವಿಲ್ಲದವರಿಗೆ ಇದೆಲ್ಲ ಸಾಧ್ಯವೇ? ಸಾಧ್ಯವಿದೆ, ಮನೆಯವರು ಕೈಜೋಡಿಸಿದರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ವಿದ್ಯಾರ್ಥಿನಿಯರ ಪ್ರಯಾಣಕ್ಕೆ ಹಣ ಬೇಕಿಲ್ಲ. ದಿನವೂ ಮನೆಯಿಂದಲೇ ಓಡಾಡುವ ಹುಡುಗಿಯರ ಡಬ್ಬಿಯನ್ನು ತುಂಬುವುದು ಮನೆಯ ಅಡುಗೆ. ರೊಟ್ಟಿಯ ಜೊತೆ ಒಂದು ಕಾಳುಪಲ್ಯ ಆ ಡಬ್ಬಿಗೆ ಸೇರಿದರೆ ಸಂಜೆಯ ಹಸಿವು ಅರ್ಧ ಇಳಿಯುತ್ತದೆ. ಕೋಣೆ ಮಾಡಿಕೊಂಡಿರುವವರು ರಾತ್ರಿ ಹೆಸರುಕಾಳು ನೆನೆಹಾಕಿ ಬೆಳಿಗ್ಗೆ ಕುಕ್ಕರಿನಲ್ಲಿ ಅನ್ನದ ಜೊತೆಗೇ ಬೇಯಿಸಿಕೊಳ್ಳಬಹುದು. ಸರ್ಕಾರಿ ಅಥವಾ ಮಠದ ವಿದ್ಯಾರ್ಥಿನಿಲಯದಲ್ಲಿರುವವರಿಗೆ ಸಾರಿನಲ್ಲಿ ಬೇಳೆ ಕಾಣಬೇಕೆಂದು ಕೇಳುವ ಹಕ್ಕಿದೆ. ಮಾಂಸ ಬೇಕೆಂದು ಕೇಳುವುದರಷ್ಟೇ ನ್ಯಾಯವಾದ ಬೇಡಿಕೆ ಅದು.

ಪೂರ್ತಿ ಬಿಡಬೇಕೆಂಬ ಹಟವೂ ಬೇಡ. ಹೊಸತೊಡಕಿಗೆ ಊರಿಗೆ ಹೋಗಿ ಎಲ್ಲರ ಜೊತೆ ಕುಳಿತು ಬಾಡೂಟ ಮಾಡಿ, ಸೋಮವಾರ ಕಬಾಬ್ ಗಾಡಿಯನ್ನು ದಾಟಿ ಹೋಗುವವರು ಯಾರಿಗೂ ಮೋಸ ಮಾಡಿದಂತಲ್ಲ. ಅವರ ಅಜ್ಜ ಅಜ್ಜಿಯರೂ ಹಾಗೆಯೇ ಉಂಡವರು. ವ್ಯತ್ಯಾಸ ಇಷ್ಟೇ, ಹಿರಿಯರ ಪರವಾಗಿ ಪಂಚಾಂಗವೂ ಬಡತನವೂ ತೀರ್ಮಾನಿಸುತ್ತಿದ್ದವು. ಇಂದಿನ ವಿದ್ಯಾರ್ಥಿ ತಾನೇ ತೀರ್ಮಾನಿಸಬೇಕು.

ಜಗಳೂರು ಕಡೆ ಇಂದಿಗೂ ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಮುಖ್ಯ ಬೆಳೆಯ ನಡುವೆ ತೊಗರಿಯ ಸಾಲು ಕಾಣುತ್ತದೆ. ಹೊಲದ ಬೆಳೆಯನ್ನೆಲ್ಲ ಕಿತ್ತು ಅಕ್ಕಡಿ ಹಾಕುವುದಿಲ್ಲ. ಕೆಲವು ಸಾಲು ಬಿಡುತ್ತಾರೆ, ಬಿಟ್ಟ ಸಾಲಿನಲ್ಲಿ ಕಾಳು ಬಿತ್ತುತ್ತಾರೆ. ಬಿಟ್ಟ ಸಾಲನ್ನು ಬರಿದೇ ಬಿಡುವ ರೈತ ಯಾರೂ ಇಲ್ಲ.